ಟರ್ಬೈನ್ ಬ್ಲೇಡಿನ ಫಿಲ್ಮ್ ಕೂಲಿಂಗ್ ಲೆಕ್ಕ: ರಾನ್ಸ್ ಸಾಕೇ, ಎಲ್‌ಇಎಸ್ ಬೇಕೇ?

ನನ್ನ ಮೇಜಿನ ಮೇಲೆ ಬಳಸಿ ತೆಗೆದ ಒಂದು ಟರ್ಬೈನ್ ಬ್ಲೇಡ್ ಇದೆ. ಅಂಗೈ ಉದ್ದದ್ದು, ಆದರೆ ಎತ್ತಿಕೊಂಡವರೆಲ್ಲ ಇಷ್ಟು ಭಾರವೇ ಎನ್ನುತ್ತಾರೆ. ಮೈಮೇಲೆ ಸಾಲು ಸಾಲು ತೂತುಗಳು. ಹೊಲಿಗೆಯ ಸೂಜಿ ಒಳಗೆ ಹೋಗುತ್ತದೆ, ದಬ್ಬಳ ಹೋಗುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಪ್ರತಿ ತೂತಿನ ಹಿಂದೆಯೂ ಬಾಲದಂತೆ ಒಂದು ತಿಳಿಬಣ್ಣದ ಪಟ್ಟೆ ಕಾಣುತ್ತದೆ. ಎರಡು ಪಟ್ಟೆಗಳ ನಡುವೆ ಮೈ ಕಂದಿದೆ. ತಂಪುಗಾಳಿ ಎಲ್ಲಿ ಲೋಹಕ್ಕೆ ಅಂಟಿಕೊಂಡು ಹರಿಯಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ಬೆಂಕಿಯೇ ಬರೆದಿಟ್ಟಿದೆ. ಈ ಪಟ್ಟೆಯ ಅಗಲವನ್ನು ಬ್ಲೇಡ್ ತಯಾರಾಗುವ ಮೊದಲೇ ಕಂಪ್ಯೂಟರಿನಲ್ಲಿ ಹೇಳುವುದು ನನ್ನ ಕೆಲಸ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಕಡಿಮೆಯಿಲ್ಲ. ಯುದ್ಧವಿಮಾನಕ್ಕೆಂದು ಕಾವೇರಿ ಎಂಜಿನ್ ರೂಪಿಸಿದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಇಲ್ಲಿದೆ, ವಿಮಾನ ಸಂಶೋಧನೆಯ ಎನ್‌ಎಎಲ್ ಇದೆ, ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಹೊರದೇಶದ ಎಂಜಿನ್ ಕಂಪನಿಗಳ ವಿನ್ಯಾಸ ಕಚೇರಿಗಳಿವೆ. ಹೊಸದಾಗಿ ಸೇರಿದವರು ಬಂದು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ಯಾವ ಟರ್ಬುಲೆನ್ಸ್ ಮಾದರಿ ಹಾಕಲಿ? ಟರ್ಬುಲೆನ್ಸ್ ಎಂದರೆ ಹರಿವಿನ ಪ್ರಕ್ಷುಬ್ಧತೆ, ಅದರ ಸುಳಿಗಳ ಗೊಂದಲ; ಮಾದರಿ ಎಂದರೆ ಅದನ್ನು ಲೆಕ್ಕಕ್ಕೆ ತರುವ ಬಗೆ. ರಾನ್ಸ್ (RANS) ಸುಳಿಗಳ ಸರಾಸರಿ ಪರಿಣಾಮವನ್ನಷ್ಟೇ ಹಿಡಿಯುತ್ತದೆ, ಎಲ್‌ಇಎಸ್ (LES) ದೊಡ್ಡ ಸುಳಿಗಳನ್ನೇ ಲೆಕ್ಕ ಹಾಕುತ್ತದೆ. ನಾನು ಮರುಪ್ರಶ್ನೆ ಹಾಕುತ್ತೇನೆ. ನಿಮ್ಮ ಲೆಕ್ಕ ಮುಗಿದ ಮೇಲೆ ಯಾವ ನಿರ್ಧಾರ ಆಗಬೇಕು? ಎರಡು ತೂತಿನ ಆಕಾರಗಳಲ್ಲಿ ಒಂದನ್ನು ಆರಿಸಬೇಕೇ, ಲೋಹದ ಉಷ್ಣತೆ ಇಷ್ಟೇ ಎಂದು ಸಹಿ ಹಾಕಬೇಕೇ, ಇಲ್ಲವೇ ಅಳತೆಗೂ ಲೆಕ್ಕಕ್ಕೂ ಏಕೆ ತಾಳೆಯಾಗುತ್ತಿಲ್ಲ ಎಂದು ತಿಳಿಯಬೇಕೇ? ಮೂರಕ್ಕೂ ಬೇರೆ ಬೇರೆ ಉತ್ತರವಿದೆ.

ಇಷ್ಟು ಎಚ್ಚರ ಏಕೆಂದರೆ ತಪ್ಪಿನ ಬೆಲೆ ದೊಡ್ಡದು. ಇಂದಿನ ದೊಡ್ಡ ವಿದ್ಯುತ್ ಸ್ಥಾವರಗಳ ಗ್ಯಾಸ್ ಟರ್ಬೈನ್‌ಗಳಲ್ಲಿ ಒಳಬರುವ ಅನಿಲ 1,600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬ್ಲೇಡಿನ ನಿಕಲ್ ಮಿಶ್ರಲೋಹ 1,300ರಿಂದ 1,400 ಡಿಗ್ರಿಯ ನಡುವೆಯೇ ಕರಗುತ್ತದೆ. ಒಳಗಿನ ಕಾಲುವೆಗಳಲ್ಲಿ ಹರಿಯುವ ಗಾಳಿ, ಮೇಲಿನ ಸೆರಾಮಿಕ್ ಲೇಪ, ತೂತುಗಳಿಂದ ಹೊರಬಂದು ಮೈಮೇಲೆ ಹಾಸಿಕೊಳ್ಳುವ ತಂಪುಗಾಳಿಯ ಪದರ (ಇದೇ ಫಿಲ್ಮ್ ಕೂಲಿಂಗ್), ಇವು ಮೂರೂ ಸೇರಿ ಅದನ್ನು ಉಳಿಸುತ್ತವೆ. ಲೋಹದ ಉಷ್ಣತೆಯ ಅಂದಾಜು ಬರೀ 30 ಡಿಗ್ರಿ ತಪ್ಪಿದರೆ ಬ್ಲೇಡಿನ ಆಯುಷ್ಯ ಅರ್ಧಕ್ಕೆ ಇಳಿಯಬಹುದು ಎಂಬುದು ಈ ಕ್ಷೇತ್ರದವರೆಲ್ಲರಿಗೂ ಬಾಯಿಪಾಠವಾಗಿರುವ ಮಾತು. ಹೆಚ್ಚು ಗಾಳಿ ಬಿಟ್ಟುಬಿಟ್ಟರಾಯಿತು ಎನ್ನುವಂತೆಯೂ ಇಲ್ಲ. ಆ ಗಾಳಿಯನ್ನು ಇಂಧನ ಖರ್ಚು ಮಾಡಿ ಕಂಪ್ರೆಸರಿನಲ್ಲಿ ಒತ್ತಿರುತ್ತೇವೆ. ಅದು ದಹನಕೋಣೆಗೆ ಹೋಗದೆ ಬೇರೆ ದಾರಿ ಹಿಡಿದಷ್ಟೂ ಎಂಜಿನಿನ ದಕ್ಷತೆ ಕುಸಿಯುತ್ತದೆ.

ಮಾದರಿಗಿಂತ ಮೊದಲು

ಕೆರೆಯ ತೂಬನ್ನು ಹದವಾಗಿ ಎತ್ತಿದರೆ ನೀರು ಕಾಲುವೆಯ ತಳಕ್ಕೆ ಅಂಟಿಕೊಂಡು ಹರಿಯುತ್ತದೆ. ಒತ್ತಡ ಹೆಚ್ಚಾದರೆ ಚಿಮ್ಮಿ ದೂರ ಬೀಳುತ್ತದೆ, ತೂಬಿನ ಬುಡದಲ್ಲೇ ನೆಲ ಒಣಗಿರುತ್ತದೆ. ಫಿಲ್ಮ್ ಕೂಲಿಂಗ್ ತೂತಿನ ಕಥೆಯೂ ಇದೇ. ಚಿಮ್ಮುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಗಾಳಿಯ ಪ್ರಮಾಣ ಒಂದೇ ಅಲ್ಲ, ಅದರ ಸಂವೇಗ.

ಒಂದು ಲೆಕ್ಕ ನೋಡಿ. ಸಾಂದ್ರತೆ ಮತ್ತು ವೇಗ ಎರಡನ್ನೂ ಗುಣಿಸಿ, ತಂಪುಗಾಳಿಯದ್ದನ್ನು ಬಿಸಿ ಅನಿಲದ್ದರಿಂದ ಭಾಗಿಸಿದರೆ ಬರುವುದು ಬ್ಲೋಯಿಂಗ್ ಅನುಪಾತ. ಅದು 1 ಇರಲಿ. ಎಂಜಿನಿನಲ್ಲಿ ಇರುವಂತೆ ತಂಪುಗಾಳಿ ಎರಡು ಪಟ್ಟು ಸಾಂದ್ರವಾಗಿದ್ದರೆ ಅದರ ವೇಗ ಬಿಸಿ ಅನಿಲದ ಅರ್ಧ. ಸಂವೇಗದ ಅನುಪಾತಕ್ಕೆ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಬೇಕು, ಹಾಗಾಗಿ ಅದು 0.5. ಅದೇ ಬ್ಲೋಯಿಂಗ್ ಅನುಪಾತಕ್ಕೆ ನೀವು ಸಾಂದ್ರತೆ ಸಮವೆಂದು ಲೆಕ್ಕ ಹಾಕಿದಿರೋ, ವೇಗಗಳು ಸಮವಾಗುತ್ತವೆ, ಸಂವೇಗದ ಅನುಪಾತ 1ಕ್ಕೆ ಏರುತ್ತದೆ. ಓರೆಯಾಗಿ ಕೊರೆದ ದುಂಡು ತೂತುಗಳ ಮೇಲೆ ಥೋಲ್, ಸಿನ್ಹಾ, ಬೊಗಾರ್ಡ್ ಮತ್ತು ಕ್ರಾಫರ್ಡ್ ಮಾಡಿದ ಅಳತೆಗಳ ಪ್ರಕಾರ ಈ ಅನುಪಾತ 0.4ಕ್ಕಿಂತ ಕಡಿಮೆ ಇದ್ದರೆ ಜೆಟ್ (ತೂತಿನಿಂದ ಹೊರಬರುವ ಗಾಳಿಯ ಧಾರೆ) ಮೈಗೆ ಅಂಟಿಯೇ ಇರುತ್ತದೆ, 0.4ರಿಂದ 0.8ರ ನಡುವೆ ಎದ್ದು ಮತ್ತೆ ಬಂದು ಕೂಡುತ್ತದೆ, 0.8 ದಾಟಿದರೆ ಎದ್ದು ಹೋಗಿಬಿಡುತ್ತದೆ. ಅಂದರೆ ಸಾಂದ್ರತೆಯನ್ನು ಸರಿಯಾಗಿ ಕೊಡದವನು ಬೇರೆಯೇ ಒಂದು ಹರಿವನ್ನು ಲೆಕ್ಕ ಹಾಕುತ್ತಿರುತ್ತಾನೆ. ಅದರ ಮೇಲೆ ಎಷ್ಟು ದುಬಾರಿ ಮಾದರಿ ಹಾಕಿದರೂ ಉಪಯೋಗವಿಲ್ಲ. ಈ ಅಳತೆಗಳು ನಡೆದ ಟೆಕ್ಸಾಸ್‌ನ ಪ್ರಯೋಗಾಲಯದಲ್ಲಿ ಸಾಂದ್ರತೆಯ ಅನುಪಾತ 2 ಬರಲೆಂದೇ ಗಾಳಿಯನ್ನು 150 ಕೆಲ್ವಿನ್‌ವರೆಗೆ ತಣಿಸುತ್ತಿದ್ದರು. ಕಂಪ್ಯೂಟರಿನಲ್ಲಿ ನಮಗೆ ಒಂದು ಅಂಕಿ ಬದಲಿಸಿದರೆ ಸಾಕು.

ಎರಡನೆಯದು ತೂತಿನ ಹಿಂದಿನ ಜಾಗ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ತೂತನ್ನೇ ಬಿಟ್ಟು, ಅದರ ಬಾಯಿಯಲ್ಲಿ ಏಕರೂಪದ ವೇಗ ಕೊಟ್ಟು ಮೂರು ತಿಂಗಳು ಕಳೆದೆ. ಮೆಶ್ (ಲೆಕ್ಕಕ್ಕೆಂದು ಹರಿವಿನ ಜಾಗವನ್ನು ಕೋಶಗಳಾಗಿ ತುಂಡರಿಸುವ ಬಲೆ) ಸಣ್ಣದು ಮಾಡಿದೆ, ಮಾದರಿ ಬದಲಿಸಿದೆ, ಅಳತೆಗೆ ಹತ್ತಿರವೂ ಬರಲಿಲ್ಲ. ಎಂಜಿನಿನ ತೂತು ಗಿಡ್ಡ. ಉದ್ದ ವ್ಯಾಸದ ಕೆಲವೇ ಪಟ್ಟು. ಗಾಳಿ ಒಳಕಾಲುವೆಯಿಂದ ಚೂಪಾಗಿ ತಿರುಗಿ ಒಳನುಗ್ಗುವಾಗ ಒಂದು ಗೋಡೆಯನ್ನು ಬಿಟ್ಟು ಸರಿಯುತ್ತದೆ, ಇನ್ನೊಂದು ಗೋಡೆಯ ಕಡೆ ವೇಗವಾಗಿ ಹಾಯುತ್ತದೆ. ಆ ಓರೆಕೋರೆಯೆಲ್ಲ ಬಾಯಿಯವರೆಗೂ ಉಳಿದುಬರುತ್ತದೆ. ಹಿಂದಿನ ಗಾಳಿಕೋಣೆ, ತೂತು, ಮೇಲಿನ ಹರಿವು ಮೂರನ್ನೂ ಒಟ್ಟಿಗೇ ಬಿಡಿಸಬೇಕು ಎಂಬುದನ್ನು ವಾಲ್ಟರ್ಸ್ ಮತ್ತು ಲೇಲೆಕ್ 1990ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಗಾಳಿಕೋಣೆಯನ್ನು ಸೇರಿಸಿದ ದಿನ ನನ್ನ ಹಳೆಯ ಮೆಶ್, ಹಳೆಯ ಮಾದರಿಯಲ್ಲೇ ಉತ್ತರ ಅರ್ಧದಷ್ಟು ಸರಿಹೋಯಿತು.

ಎದುರಿನಿಂದ ಬರುವ ಬೌಂಡರಿ ಲೇಯರಿನ (ಗೋಡೆಗೆ ತಾಗಿ ನಿಧಾನವಾದ ಹರಿವಿನ ಪದರದ) ದಪ್ಪವೂ ಹಾಗೆಯೇ. ಅಳತೆಯೊಡನೆ ಹೋಲಿಸುವುದಾದರೆ ಪ್ರಯೋಗದಲ್ಲಿದ್ದ ದಪ್ಪವನ್ನೇ ಕೊಡಿ.

ರಾನ್ಸ್

ಇಷ್ಟಾದ ಮೇಲೆ ಮಾದರಿಯ ಮಾತು. ರಾನ್ಸ್ ವಿಧಾನದಲ್ಲಿ ಸುಳಿಗಳನ್ನು ಒಂದೊಂದಾಗಿ ಹಿಂಬಾಲಿಸುವುದಿಲ್ಲ. ಅವುಗಳ ಒಟ್ಟು ಪರಿಣಾಮವನ್ನು ಒಂದು ಹೆಚ್ಚುವರಿ ಸ್ನಿಗ್ಧತೆಯಾಗಿ ಸಮೀಕರಣಕ್ಕೆ ಸೇರಿಸುತ್ತೇವೆ. ಸಮಮಿತಿಯಿಂದಾಗಿ ಅರ್ಧ ತೂತನ್ನಷ್ಟೇ ಬಿಡಿಸಿದರೆ ಸಾಕು. ಎರಡರಿಂದ ಐದು ಮಿಲಿಯನ್ ಕೋಶಗಳ ಮೆಶ್, ಗೋಡೆಯ ಪಕ್ಕದ ಮೊದಲ ಕೋಶದ ವೈ-ಪ್ಲಸ್ (ಗೋಡೆಯಿಂದ ಇರುವ ದೂರವನ್ನು ಹರಿವಿಗೆ ತಕ್ಕಂತೆ ಅಳೆಯುವ ಸಂಖ್ಯೆ) 1ರ ಒಳಗೆ, 32 ಕೋರ್‌ಗಳ ಒಂದು ವರ್ಕ್‌ಸ್ಟೇಷನ್: ಬೆಳಗ್ಗೆ ಹಚ್ಚಿದರೆ ಊಟದ ಹೊತ್ತಿಗೆ ಉತ್ತರ.

ತೊಂದರೆ ಎಲ್ಲಿದೆ? ಜೆಟ್ ಬಾಗುವಾಗ ಅದರ ಎರಡೂ ಬದಿಯಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಒಂದು ಜೋಡಿ ಸುಳಿ ಹುಟ್ಟುತ್ತದೆ. ಅವು ಬದಿಯ ಬಿಸಿ ಅನಿಲವನ್ನು ಎಳೆದು ಜೆಟ್ಟಿನ ಅಡಿಗೆ ತಳ್ಳುತ್ತವೆ, ಜೆಟ್ಟನ್ನು ಮೇಲಕ್ಕೆತ್ತುತ್ತವೆ. ಈ ಜಾಗದಲ್ಲಿ ಪ್ರಕ್ಷುಬ್ಧತೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿರುವುದಿಲ್ಲ. ಗೋಡೆ ಅಡ್ಡವಿರುವ ಕಾರಣ ಮೇಲೆ ಕೆಳಗೆ ಕಡಿಮೆ, ಅಕ್ಕಪಕ್ಕಕ್ಕೆ ಹೆಚ್ಚು. ಸಾಮಾನ್ಯ ರಾನ್ಸ್ ಮಾದರಿಗಳಿಗೆ ಈ ಭೇದ ಗೊತ್ತಿಲ್ಲ. ಹಾಗಾಗಿ ಅವು ತಂಪನ್ನು ಪಕ್ಕಕ್ಕೆ ಸಾಲದಷ್ಟು ಹರಡುತ್ತವೆ. ನಡುಗೆರೆಯಲ್ಲಿ ತಂಪು ಇರಬೇಕಾದ್ದಕ್ಕಿಂತ ಹೆಚ್ಚು, ಎರಡು ತೂತುಗಳ ನಡುವೆ ಕಡಿಮೆ. ನನ್ನ ಮೇಜಿನ ಬ್ಲೇಡಿನ ಪಟ್ಟೆಯನ್ನು ರಾನ್ಸ್ ಬರೆದಿದ್ದರೆ ಅದು ಇನ್ನೂ ತೆಳ್ಳಗೆ, ಇನ್ನೂ ಉದ್ದವಾಗಿರುತ್ತಿತ್ತು.

ರಾನ್ಸ್‌ನೊಳಗೇ ಆಯ್ಕೆ ಇದೆಯಲ್ಲ ಎಂದು ಕೇಳುವವರಿದ್ದಾರೆ. 1994ರಲ್ಲಿ ಮೆಂಟರ್ ಕೊಟ್ಟ ಕೆ-ಒಮೆಗಾ ಎಸ್‌ಎಸ್‌ಟಿ, 1995ರ ರಿಯಲೈಸಬಲ್ ಕೆ-ಎಪ್ಸಿಲಾನ್, ಇವೆರಡು ಈ ಕೆಲಸದಲ್ಲಿ ಹೆಚ್ಚು ಬಳಕೆಯಲ್ಲಿವೆ. ಜೆಟ್ ಮೈಗೆ ಅಂಟಿರುವ ಸಂದರ್ಭದಲ್ಲಿ ಎರಡೂ ಕೆಲಸಕ್ಕೆ ಬರುತ್ತವೆ. ಎದ್ದು ಮತ್ತೆ ಕೂಡುವ ಸಂದರ್ಭದಲ್ಲಿ ಎರಡನ್ನೂ ನಾನು ನಂಬುವುದಿಲ್ಲ. ರೆನಾಲ್ಡ್ಸ್ ಸ್ಟ್ರೆಸ್ ಮಾದರಿ ದಿಕ್ಕಿನ ಭೇದವನ್ನು ಹಿಡಿಯುತ್ತದೆ ನಿಜ, ಆದರೆ ಉಷ್ಣದ ಹರಡುವಿಕೆಯನ್ನು ಸಾಮಾನ್ಯವಾಗಿ ಹಳೆಯ ಸರಳ ಸೂತ್ರಕ್ಕೇ ಬಿಟ್ಟಿರುತ್ತದೆ, ಲೆಕ್ಕ ನಿಲುಗಡೆಗೆ ಬರಲು ಹಠ ಮಾಡುತ್ತದೆ. ಕೊಡುವ ಶ್ರಮಕ್ಕೆ ಸಿಗುವ ಲಾಭ ಕಡಿಮೆ ಎಂಬುದು ನನ್ನ ಅನುಭವ.

ಒಂದು ಪ್ರಲೋಭನೆಯ ಬಗ್ಗೆ ಹೇಳಲೇಬೇಕು. ಸುಳಿಗಳು ಸಂವೇಗವನ್ನು ಹರಡುವುದಕ್ಕೆ ಹೋಲಿಸಿ ಉಷ್ಣವನ್ನು ಎಷ್ಟು ಹರಡುತ್ತವೆ ಎಂದು ಹೇಳುವ ಟರ್ಬುಲೆಂಟ್ ಪ್ರ್ಯಾಂಡ್‌ಟಲ್ ಸಂಖ್ಯೆಯನ್ನು ಸಾಮಾನ್ಯವಾಗಿ 0.85 ಅಥವಾ 0.9 ಎಂದು ಇಡುತ್ತೇವೆ. ಅದನ್ನು ಸ್ವಲ್ಪ ಇಳಿಸಿದರೆ ಉಷ್ಣ ಹೆಚ್ಚು ಹರಡುತ್ತದೆ, ಗೆರೆ ಅಳತೆಯ ಚುಕ್ಕೆಗಳ ಮೇಲೆ ಹೋಗಿ ಕೂರುತ್ತದೆ. ನಾನೂ ಒಮ್ಮೆ ಹಾಗೆ ಮಾಡಿದೆ. ಬ್ಲೋಯಿಂಗ್ ಅನುಪಾತ 0.5ಕ್ಕೆ ಸುಂದರವಾಗಿ ಕೂತ ಗೆರೆ 1ಕ್ಕೆ ಹೋದಾಗ ಎಲ್ಲೋ ಹೋಯಿತು. ಒಂದು ಅಳತೆಗೆ ಹೊಂದಿಸಿದ ಸಂಖ್ಯೆ ಆ ಅಳತೆಯನ್ನು ಮಾತ್ರ ಹೇಳುತ್ತದೆ, ಮುಂದಿನ ತೂತನ್ನು ಹೇಳುವುದಿಲ್ಲ.

ಇಷ್ಟೆಲ್ಲ ದೋಷ ಹೇಳಿಯೂ, ವಿನ್ಯಾಸದ ಬಹುಪಾಲು ಕೆಲಸಕ್ಕೆ ನನ್ನ ಆಯ್ಕೆ ರಾನ್ಸ್‌ಯೇ. ಕಾರಣ, ಇಂದು ಎಂಜಿನುಗಳಲ್ಲಿ ಬರುವುದು ಹೆಚ್ಚಾಗಿ ಬಾಯಿ ಅಗಲಿಸಿದ ತೂತುಗಳು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಶ್ರೋಡರ್ ಮತ್ತು ಥೋಲ್ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ 7-7-7 ತೂತನ್ನೇ ತೆಗೆದುಕೊಳ್ಳಿ: 30 ಡಿಗ್ರಿ ಓರೆ, ಎರಡು ಬದಿಗೂ ಮುಂದಕ್ಕೂ 7 ಡಿಗ್ರಿ ಅಗಲಿಕೆ, ಬಾಯಿಯ ವಿಸ್ತೀರ್ಣ ಕೊರಳಿನ 2.5 ಪಟ್ಟು. ಗಾಳಿ ಅಷ್ಟರಮಟ್ಟಿಗೆ ನಿಧಾನವಾಗಿ ಹೊರಬರುವುದರಿಂದ ಜೆಟ್ ಏಳುವುದೇ ಕಡಿಮೆ. ರಾನ್ಸ್ ಎಡವುವ ಜಾಗವೇ ಸಣ್ಣದಾಗುತ್ತದೆ. ಇಂಥ ಹತ್ತು ಆಕಾರಗಳಲ್ಲಿ ಯಾವುದು ಮೇಲು ಎಂದು ಸಾಲಾಗಿ ನಿಲ್ಲಿಸಲು, ಅಡ್ಡಲಾಗಿ ಸರಾಸರಿ ತೆಗೆದ ಎಫೆಕ್ಟಿವ್‌ನೆಸ್ (ಗಾಳಿಯ ಪದರ ಗೋಡೆಯನ್ನು ಎಷ್ಟು ತಂಪಾಗಿಡುತ್ತದೆ ಎಂಬ ಅಳತೆ) ನೋಡಿ ನಿರ್ಧರಿಸಲು ಅದು ಸಾಕು. ಸಂಖ್ಯೆ ತಪ್ಪಿದರೂ ಕ್ರಮ ಸಾಮಾನ್ಯವಾಗಿ ತಪ್ಪುವುದಿಲ್ಲ. ಹೊಸ ಬಗೆಯ ಆಕಾರವಾದರೆ ಮಾತ್ರ ಮೊದಲ ಎರಡು ಸ್ಥಾನದಲ್ಲಿ ಬಂದವನ್ನು ಬೇರೆ ವಿಧಾನದಿಂದ ಪರೀಕ್ಷಿಸಿ.

ಎಲ್‌ಇಎಸ್

ಮೊದಲ ಬಾರಿ ಎಲ್‌ಇಎಸ್ ಚಿತ್ರಗಳನ್ನು ಚಲಿಸುವಂತೆ ಜೋಡಿಸಿ ನೋಡಿದ ಸಂಜೆ ನನಗೆ ನೆನಪಿದೆ. ರಾನ್ಸ್‌ನಲ್ಲಿ ನುಣ್ಣಗೆ ಚಾಚಿದ ನೀಲಿ ನಾಲಗೆಯಂತೆ ಕಾಣುತ್ತಿದ್ದ ಜೆಟ್ ಇಲ್ಲಿ ಉಸಿರಾಡುತ್ತಿತ್ತು. ತೂತಿನ ಬಾಯಿಯ ಅಂಚಿನಲ್ಲಿ ಸುರುಳಿಗಳು ಒಂದರ ಹಿಂದೊಂದು ಹುಟ್ಟಿ, ಕೂದಲಿನ ಪಿನ್ನಿನಂತೆ ಬಾಗಿ, ಕೆಲವೇ ವ್ಯಾಸ ದೂರ ಹೋಗುವಷ್ಟರಲ್ಲಿ ಚಿಂದಿಯಾಗುತ್ತಿದ್ದವು. ಗೋಡೆಯ ಒಂದು ಬಿಂದುವಿನ ಉಷ್ಣತೆಯನ್ನು ಗುರುತಿಸಿ ನೋಡಿದೆ. ಒಂದು ಕ್ಷಣ ಪೂರ್ತಿ ತಂಪು, ಮರುಕ್ಷಣ ಪೂರ್ತಿ ಬಿಸಿ. ನಾವು ಸರಾಸರಿ ಎಂದು ಬರೆಯುವ ಉಷ್ಣತೆ ಆ ಬಿಂದುವಿನಲ್ಲಿ ಅಪರೂಪಕ್ಕೆ ಮಾತ್ರ ಇರುತ್ತದೆ.

ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕಿ, ಮೆಶ್ಶಿಗೆ ಸಿಗದಷ್ಟು ಸಣ್ಣವನ್ನು ಮಾತ್ರ ಮಾದರಿಗೆ ಬಿಡುವುದು ಎಲ್‌ಇಎಸ್. ಜೆಟ್ ಬೆರೆಯುವುದನ್ನು ನಿರ್ಧರಿಸುವುದು ದೊಡ್ಡ ಸುಳಿಗಳೇ ಆದ್ದರಿಂದ ಈ ಸಮಸ್ಯೆಗೆ ಅದು ಹೇಳಿ ಮಾಡಿಸಿದಂತಿದೆ. ಪಕ್ಕಕ್ಕೆ ಹರಡುವುದು ತಾನಾಗಿಯೇ ಸರಿಹೋಗುತ್ತದೆ. ಸಣ್ಣ ಸುಳಿಗಳಿಗೆ ಯಾವ ಮಾದರಿ ಎಂದು ತಲೆ ಕೆಡಿಸಿಕೊಳ್ಳಬೇಡಿ. ಗೋಡೆಯ ಬಳಿ ತಾನೇ ಸೊನ್ನೆಗಿಳಿಯುವ ವೇಲ್ ಮಾದರಿಯೋ ಜರ್ಮಾನೊ ಅವರ ಡೈನಮಿಕ್ ಮಾದರಿಯೋ ಸಾಕು.

ತಲೆ ಕೆಡಿಸಿಕೊಳ್ಳಬೇಕಾದ್ದು ಖರ್ಚಿನ ಬಗ್ಗೆ. ಆ ಟೆಕ್ಸಾಸ್ ಪ್ರಯೋಗದ ಅಳತೆಯನ್ನೇ ಹಿಡಿಯೋಣ. ತೂತಿನ ವ್ಯಾಸ 12.7 ಮಿಲಿಮೀಟರ್, ಹರಿವಿನ ವೇಗ ಸೆಕೆಂಡಿಗೆ 20 ಮೀಟರ್. ತೂತಿನ ಬಾಯಿಯ ಬಳಿ ಕೋಶದ ಗಾತ್ರ ವ್ಯಾಸದ ಐವತ್ತರಲ್ಲೊಂದು ಪಾಲು ಇಟ್ಟರೆ ಸುಮಾರು ಕಾಲು ಮಿಲಿಮೀಟರ್. ಹರಿವು ಒಂದು ಹೆಜ್ಜೆಯಲ್ಲಿ ಒಂದು ಕೋಶಕ್ಕಿಂತ ಹೆಚ್ಚು ದಾಟಬಾರದು ಎಂದರೆ ಕಾಲದ ಹೆಜ್ಜೆ ಒಂದು ಸೆಕೆಂಡಿನ ಸುಮಾರು 80,000ದಲ್ಲಿ ಒಂದು ಪಾಲು. 30 ವ್ಯಾಸ ಉದ್ದದ ಕ್ಷೇತ್ರವನ್ನು ಹರಿವು ಒಮ್ಮೆ ದಾಟಲು 0.019 ಸೆಕೆಂಡು. ಆರಂಭದ ಗೊಂದಲ ತೊಳೆದುಹೋಗಲು ಐದು ಬಾರಿ, ಸರಾಸರಿಗೆ ಹದಿನೈದು ಬಾರಿ ದಾಟಬೇಕೆಂದರೆ ಒಟ್ಟು 30,000ಕ್ಕೂ ಹೆಚ್ಚು ಹೆಜ್ಜೆ. ಕೋಶಗಳು 20ರಿಂದ 50 ಮಿಲಿಯನ್. ನಮ್ಮಲ್ಲಿ ಇಂಥ ಲೆಕ್ಕ ಕೆಲವು ನೂರು ಕೋರ್‌ಗಳ ಮೇಲೆ ಒಂದೆರಡು ವಾರ ಓಡುತ್ತದೆ. ಅದೂ ಒಂದೇ ತೂತು, ಒಂದೇ ಬ್ಲೋಯಿಂಗ್ ಅನುಪಾತ.

ಅರ್ಧ ತೂತಿನ ರಿಯಾಯಿತಿ ಇಲ್ಲಿ ಇಲ್ಲ. ಸುಳಿಗಳು ನಡುಗೆರೆಯನ್ನು ದಾಟಿ ಅತ್ತಿಂದಿತ್ತ ತೊನೆಯುತ್ತವೆ, ಸಮಮಿತಿಯ ಗೋಡೆ ಕಟ್ಟಿದರೆ ಆ ತೊನೆತ ಸತ್ತುಹೋಗುತ್ತದೆ. ಎರಡು ತೂತುಗಳ ನಡುವಿನ ಪೂರ್ತಿ ಒಂದು ಅಂತರವನ್ನು ತೆಗೆದುಕೊಂಡು ಎರಡು ಬದಿಗೂ ಆವರ್ತಕ ಗಡಿ ಕೊಡಬೇಕು, ಅಂದರೆ ಒಂದು ಬದಿಯಿಂದ ಹೊರಟ ಹರಿವು ಇನ್ನೊಂದು ಬದಿಯಿಂದ ಒಳಬರಬೇಕು.

ಹೆಚ್ಚಿನ ಎಲ್‌ಇಎಸ್‌ಗಳು ಕೆಡುವುದು ಒಳಹರಿವಿನಲ್ಲಿ. ದಹನಕೋಣೆಯಿಂದ ಬರುವ ಅನಿಲ ಹತ್ತು ಶೇಕಡಕ್ಕೂ ಮೀರಿ ಪ್ರಕ್ಷುಬ್ಧವಾಗಿರುತ್ತದೆ. ಅದನ್ನು ತೋರಿಸಲೆಂದು ಒಳಗಡಿಯಲ್ಲಿ ಮನಬಂದಂತೆ ಏರಿಳಿಯುವ ಅಂಕಿಗಳನ್ನು ತುಂಬಿದರೆ ಅವು ಹತ್ತಾರು ಕೋಶ ದಾಟುವುದರೊಳಗೆ ಅಳಿಸಿಹೋಗುತ್ತವೆ, ತೂತು ತಲಪುವಾಗ ಹರಿವು ನುಣ್ಣಗಾಗಿರುತ್ತದೆ. ಸುಳಿಗಳಿಗೆ ಗಾತ್ರವೂ ಆಯುಷ್ಯವೂ ಇರಬೇಕು. ಕೃತಕ ಸುಳಿ ವಿಧಾನ ಬಳಸಿ, ತೂತಿಗೆ ಸ್ವಲ್ಪ ಮುಂಚೆ ಹರಿವನ್ನು ಅಳೆದು, ಪ್ರಕ್ಷುಬ್ಧತೆ ಉಳಿದಿದೆಯೇ ಎಂದು ನೋಡಿದ ಮೇಲೆಯೇ ಮುಂದುವರಿಯಿರಿ. ಪ್ರಕ್ಷುಬ್ಧತೆಯ ಶಕ್ತಿಯಲ್ಲಿ ಕನಿಷ್ಠ 80 ಶೇಕಡ ಮೆಶ್ಶಿನಲ್ಲೇ ಸಿಗುತ್ತಿದೆಯೇ ಎಂದೂ ಪರೀಕ್ಷಿಸಿ. ಮೆಶ್ ಒರಟಾಗಿರುವ ಎಲ್‌ಇಎಸ್ ಒಳ್ಳೆಯ ರಾನ್ಸ್‌ಗಿಂತ ಕೆಟ್ಟದ್ದು, ಚಿತ್ರ ಮಾತ್ರ ಚೆನ್ನಾಗಿರುತ್ತದೆ. ಆ ಚಿತ್ರ ನೋಡಿ ಸಭೆಯಲ್ಲಿ ತಲೆದೂಗುವವರು ಬಹಳ, ಅದಕ್ಕೇ ನನಗೆ ಇದರ ಬಗ್ಗೆ ಹೆಚ್ಚು ಭಯ.

ನಡುದಾರಿ: ಡಿಇಎಸ್ ಮತ್ತು ಅದರ ಬಳಗ

ಗೋಡೆಯ ಬಳಿ ರಾನ್ಸ್, ದೂರದಲ್ಲಿ ಎಲ್‌ಇಎಸ್: ಇದೇ ಡಿಇಎಸ್. 1997ರಲ್ಲಿ ಸ್ಪಲಾರ್ಟ್ ಮುಂದಿಟ್ಟ ಈ ಉಪಾಯ ರೆಕ್ಕೆಯಿಂದ ಪೂರ್ತಿ ಬೇರ್ಪಟ್ಟ ಹರಿವುಗಳಿಗೆಂದು ಹುಟ್ಟಿದ್ದು. ಮೈಗಂಟಿ ಹರಿಯುವ ತಂಪುಗಾಳಿಗೆ ಅದು ಸಲೀಸಾಗಿ ಒಗ್ಗುವುದಿಲ್ಲ. ನಮಗೆ ಬೇಕಾದ ಇಡೀ ಕಥೆ ನಡೆಯುವುದೇ ಗೋಡೆಯಿಂದ ಒಂದು ವ್ಯಾಸದ ಒಳಗೆ, ಅಂದರೆ ರಾನ್ಸ್ ಬಿಟ್ಟುಕೊಟ್ಟು ಎಲ್‌ಇಎಸ್ ಕೈಗೆತ್ತಿಕೊಳ್ಳುವ ಅದೇ ಜಾಗದಲ್ಲಿ. ಅಲ್ಲಿ ಮಾದರಿಯ ಸುಳಿ ಇಳಿದಿರುತ್ತದೆ, ನಿಜವಾದ ಸುಳಿ ಇನ್ನೂ ಹುಟ್ಟಿರುವುದಿಲ್ಲ. ಜೆಟ್ ಒಡೆಯುವುದು ತಡವಾಗಿ, ತಂಪು ಇರುವುದಕ್ಕಿಂತ ದೂರದವರೆಗೆ ಉಳಿದಂತೆ ಕಾಣುತ್ತದೆ. 2006ರ ಡಿಡಿಇಎಸ್ ಎಂಬ ಸುಧಾರಿತ ರೂಪ ಮತ್ತು ಅನಂತರದ ತಿದ್ದುಪಡಿಗಳು ಇದನ್ನು ಕಡಿಮೆ ಮಾಡಿವೆ, ಪೂರ್ತಿ ನೀಗಿಸಿಲ್ಲ.

ಆದರೆ ಒಂದು ಜಾಗದಲ್ಲಿ ನಾನು ಕಣ್ಣುಮುಚ್ಚಿ ಡಿಇಎಸ್ ಆರಿಸುತ್ತೇನೆ. ಬ್ಲೇಡಿನ ಹಿಂಬದಿಯ ಅಂಚನ್ನು ಕತ್ತರಿಸಿ, ಅಲ್ಲಿನ ಸೀಳಿನಿಂದ ತಂಪುಗಾಳಿ ಬಿಡುವ ವಿನ್ಯಾಸ ಅದು. ಸೀಳಿನ ಮೇಲಿನ ತುಟಿಯ ಹಿಂದೆ ಸುಳಿಗಳು ಸರದಿಯಂತೆ ಕಳಚಿಕೊಳ್ಳುತ್ತವೆ. ಸ್ಥಿರ ರಾನ್ಸ್‌ಗೆ ಅವು ಕಾಣುವುದೇ ಇಲ್ಲ, ಹಾಗಾಗಿ ತಂಪು ಕೊನೆಯವರೆಗೂ ಉಳಿಯುತ್ತದೆ ಎನ್ನುತ್ತದೆ. ಅಳತೆಯಲ್ಲಿ ಅದು ಬೇಗ ಕುಸಿಯುತ್ತದೆ. ಜರ್ಮನಿಯ ಕಾರ್ಲ್ಸ್‌ರೂ ತಂಡ ಡಿಇಎಸ್‌ನಿಂದ ಈ ಕುಸಿತವನ್ನು ಹಿಡಿದು ತೋರಿಸಿತು. ಹಿಂಬದಿಯ ಅಂಚು ಬ್ಲೇಡಿನ ಅತ್ಯಂತ ತೆಳುವಾದ ಭಾಗ. ಅಲ್ಲಿ ಆಶಾವಾದದ ಲೆಕ್ಕ ಅಪಾಯಕಾರಿ.

ಯಾವ ಮಾದರಿಯೂ ಇಲ್ಲದೆ ಎಲ್ಲವನ್ನೂ ನೇರವಾಗಿ ಬಿಡಿಸುವ ಡಿಎನ್‌ಎಸ್ ಬಗ್ಗೆ ಎರಡೇ ಮಾತು. ಎಲ್ಲ ಸುಳಿಗಳನ್ನೂ ಲೆಕ್ಕ ಹಾಕಲು ಬೇಕಾದ ಬಿಂದುಗಳು ರೆನಾಲ್ಡ್ಸ್ ಸಂಖ್ಯೆಯ (ಹರಿವಿನ ವೇಗ, ಗಾತ್ರಗಳನ್ನು ಅದರ ಸ್ನಿಗ್ಧತೆಯೊಡನೆ ಹೋಲಿಸುವ ಸಂಖ್ಯೆ) 9/4ನೇ ಘಾತದಂತೆ ಬೆಳೆಯುತ್ತವೆ. ಮೇಲಿನ ಪ್ರಯೋಗದ ರೆನಾಲ್ಡ್ಸ್ ಸಂಖ್ಯೆ ಸುಮಾರು 16,000. ಅಂದಾಜು 300 ಕೋಟಿ ಬಿಂದುಗಳು. ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನಂಥ ಯಂತ್ರ ಸಿಕ್ಕರೂ ಅದು ಪಿಎಚ್‌ಡಿಯ ಕೆಲಸ, ಬ್ಲೇಡ್ ವಿನ್ಯಾಸದ ಕೆಲಸವಲ್ಲ.

ಲೋಹದ ಉಷ್ಣತೆಯೇ ಬೇಕಾದರೆ

ಇದುವರೆಗಿನ ಮಾತೆಲ್ಲ ಉಷ್ಣ ದಾಟದ ಗೋಡೆಗೆ ಸಂಬಂಧಿಸಿದ್ದು. ಬ್ಲೇಡಿನ ಲೋಹ ಹಾಗಿಲ್ಲ; ಅದು ಉಷ್ಣವನ್ನು ಹರಿಯಬಿಡುತ್ತದೆ, ತೂತಿನ ಒಳಗೋಡೆಯೂ ತಂಪು ಹೀರುತ್ತದೆ. ಲೋಹದ ಉಷ್ಣತೆಗೆ ಸಹಿ ಹಾಕುವವರು ಅನಿಲ ಮತ್ತು ಲೋಹ ಎರಡನ್ನೂ ಕೂಡಿಸಿ ಬಿಡಿಸಬೇಕು. ರಾನ್ಸ್‌ನಲ್ಲಿ ಇದು ಸುಲಭ. ಎಲ್‌ಇಎಸ್‌ನಲ್ಲಿ ಅನಿಲ ಮಿಲಿಸೆಕೆಂಡುಗಳಲ್ಲಿ ಬದಲಾದರೆ ಲೋಹ ಬದಲಾಗಲು ಸೆಕೆಂಡುಗಳು ಬೇಕು. ಒಂದೇ ಗಡಿಯಾರದಲ್ಲಿ ಎರಡನ್ನೂ ಓಡಿಸಿದರೆ ಲೆಕ್ಕ ಮುಗಿಯುವುದೇ ಇಲ್ಲ. ಲೋಹವನ್ನು ಸ್ಥಿರಸ್ಥಿತಿಯಲ್ಲಿ ಬೇರೆಯಾಗಿ ಬಿಡಿಸಿ, ಗೋಡೆಯ ಉಷ್ಣತೆಯನ್ನು ಆಗಾಗ ವಿನಿಮಯ ಮಾಡಿಕೊಳ್ಳುವುದು ರೂಢಿ. ಇಡೀ ಬ್ಲೇಡಿನ ನೂರಾರು ತೂತುಗಳಿಗಂತೂ ರಾನ್ಸ್ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲೂ ಎಷ್ಟೋ ವೇಳೆ ತೂತುಗಳನ್ನು ಬಿಡಿಸದೆ, ಅವುಗಳ ಜಾಗದಲ್ಲಿ ದ್ರವ್ಯ, ಸಂವೇಗ, ಉಷ್ಣವನ್ನು ಸೇರಿಸುವ ಸರಳ ಮಾದರಿಗಳನ್ನು ಬಳಸುತ್ತಾರೆ.

ಸಾಫ್ಟ್‌ವೇರ್ ಯಾವುದು ಎಂಬ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಫ್ಲೂಯೆಂಟ್, ಸ್ಟಾರ್-ಸಿಸಿಎಂ ಪ್ಲಸ್, ಓಪನ್‌ಫೋಮ್, ಎಲ್ಲದರಲ್ಲೂ ಮೇಲಿನ ವಿಧಾನಗಳಿವೆ. ನೂರಾರು ಕೋರ್‌ಗಳ ಮೇಲೆ ಎಲ್‌ಇಎಸ್ ಓಡಿಸುವ ವಿದ್ಯಾರ್ಥಿಗೆ ಪರವಾನಗಿ ಶುಲ್ಕವಿಲ್ಲದ ಓಪನ್‌ಫೋಮ್ ದೊಡ್ಡ ಉಪಕಾರ. ನಾಲ್ಕು ದಿನದಲ್ಲಿ ವರದಿ ಕೊಡಬೇಕಾದವರಿಗೆ ಕಚೇರಿಯಲ್ಲಿ ಈಗಾಗಲೇ ಇರುವುದೇ ಒಳ್ಳೆಯದು.

ಕೈಯಲ್ಲಿ ಒಂದೇ ಎಲ್‌ಇಎಸ್‌ಗೆ ಆಗುವಷ್ಟು ಗಣಕ ಸಮಯವಿದ್ದರೆ ಅದನ್ನು ಹೀಗೆ ಖರ್ಚು ಮಾಡಿ. ಮೊದಲು ರಾನ್ಸ್‌ನಿಂದ ಎಲ್ಲ ಆಕಾರಗಳನ್ನೂ ಎಲ್ಲ ಬ್ಲೋಯಿಂಗ್ ಅನುಪಾತಗಳಲ್ಲೂ ಓಡಿಸಿ. ಸಂವೇಗದ ಅನುಪಾತ 0.4 ದಾಟುವ ಜಾಗದಲ್ಲಿ, ಎರಡು ರಾನ್ಸ್ ಮಾದರಿಗಳು ಪರಸ್ಪರ ಒಪ್ಪದ ಒಂದು ಸಂದರ್ಭವನ್ನು ಆರಿಸಿ. ಎಲ್‌ಇಎಸ್ ಅಲ್ಲಿಗೆ. ಓಡಿಸುವ ಗುಂಡಿ ಒತ್ತುವ ಮೊದಲು ಸರಾಸರಿಯ ಪಟ್ಟಿ ನೋಡಿ: ವೇಗ, ಉಷ್ಣತೆ ಮಾತ್ರವಲ್ಲ, ವೇಗದ ಏರಿಳಿತವನ್ನು ಉಷ್ಣತೆಯ ಏರಿಳಿತದೊಡನೆ ಗುಣಿಸಿದ ಮೂರು ದಿಕ್ಕಿನ ಸರಾಸರಿಗಳೂ ಅದರಲ್ಲಿ ಇರಬೇಕು. ಉಷ್ಣ ಎತ್ತ ಎಷ್ಟು ಹರಡುತ್ತದೆ ಎಂಬುದು ಇರುವುದು ಆ ಮೂರು ಅಂಕಿಗಳಲ್ಲಿ. ರಾನ್ಸ್‌ನ ಪ್ರ್ಯಾಂಡ್‌ಟಲ್ ಸಂಖ್ಯೆಯನ್ನು ಊಹೆಯಿಂದಲ್ಲ, ಅವುಗಳಿಂದ ತಿದ್ದಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ಇಂಥ ದತ್ತಾಂಶವನ್ನೇ ಕೊಟ್ಟು ಯಂತ್ರಕಲಿಕೆಯಿಂದ ಆ ತಿದ್ದುಪಡಿಯನ್ನು ಕಲಿಸುವ ಕೆಲಸ ನಡೆದಿದೆ. ನನ್ನ ಮೊದಲ ಎಲ್‌ಇಎಸ್‌ನಲ್ಲಿ ಆ ಮೂರನ್ನು ಗುರುತು ಹಾಕಿರಲಿಲ್ಲ. ಲೆಕ್ಕ ಮುಗಿದ ಮೇಲೆ ಅವನ್ನು ಮರಳಿ ಪಡೆಯುವ ದಾರಿಯಿಲ್ಲ, ಹದಿಮೂರು ದಿನದ ಓಟವನ್ನು ಪುನಃ ಮೊದಲಿನಿಂದ ಹಚ್ಚಬೇಕಾಯಿತು.